ಮೂರನೇ ಮಹಡಿಯ ಕಿಟಕಿ

ಸಿಯೋಲ್‌ನ ಹಳೇ ಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಮಾಲ್ಸುನ್ ಅಜ್ಜಿಗೆ ಮನೆಗೆ ಅಂಟಿಕೊಂಡೇ ಎದ್ದಿದ್ದ ಹೊಸ ಕಲಾ ಮ್ಯೂಸಿಯಂ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ಅಜ್ಜಿಯ ಹೆಂಚಿನ ಮನೆಯೂ ಮ್ಯೂಸಿಯಂನದೇ ಭಾಗವೆಂದು ತಿಳಿದು ಜನ ಬಾಗಿಲು ತಳ್ಳಿ ಒಳಗೆ ಬರುತ್ತಿದ್ದರು. ಒಂದು ದಿನ ಒಬ್ಬಳು ಅಂಗಳದಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ಫೋಟೋ ತೆಗೆದು, "ಇದನ್ನ ಮಾಡಿದ ಕಲಾವಿದರು ಯಾರು?" ಎಂದು ಕೇಳಿಯೇಬಿಟ್ಟಳು.

"ನಾನೇ ಕಣೇ! ಕಿಮ್ಚಿ ಉಪ್ಪಿನಕಾಯಿಗೆ ಅಂತ ಒಣಗಿಸಿದೀನಿ, ನಡಿ ಆಚೆ!" ಎಂದು ಗದರಿದ ಅಜ್ಜಿ, ಜಗಳಕ್ಕೆಂದೇ ನನ್ನನ್ನೂ ಎಳೆದುಕೊಂಡು ಮ್ಯೂಸಿಯಂಗೆ ಹೊರಟರು.

ದೂರು ಕೇಳುವವರು ಮೂರನೇ ಮಹಡಿಯಲ್ಲಿದ್ದರು. ದಾರಿಯಲ್ಲಿ ಕಲಾಕೃತಿಯೆಂದು ಗೋಡೆಗೆ ಒರಗಿಸಿಟ್ಟ ತುಕ್ಕು ಹಿಡಿದ ಕಬ್ಬಿಣ ನೋಡಿ ಅಜ್ಜಿ, "ಇದಕ್ಕೆ ಟಿಕೆಟ್ ಬೇರೆ ಕೇಡು!" ಎಂದು ಗೊಣಗಿದರು.

ಮೇಲೆ ಕಚೇರಿಯ ಹುಡುಗಿಯೊಬ್ಬಳು ಬಂದು, "ಏನಾಗಬೇಕಿತ್ತು ಅಜ್ಜಿ?" ಎಂದಳು. ಅಜ್ಜಿ ಅವಳನ್ನು ದಾಟಿ ಮುಂದೆ ಹೋಗಿ ಹೊರಗೆ ನೋಡತೊಡಗಿದರು. ದೊಡ್ಡ ಗಾಜಿನ ಕಿಟಕಿಯಿಂದ ಅವರದೇ ಹಿತ್ತಲು ಕಾಣುತ್ತಿತ್ತು. ಎದೆಯ ಆಪರೇಷನ್ ಆದಮೇಲೆ ಸಿಗರೇಟು ಮುಟ್ಟುವುದಿಲ್ಲವೆಂದು ಆಣೆಯಿಟ್ಟಿದ್ದ ಗಂಡ, ಅಲ್ಲಿ ದೊಡ್ಡ ಕಿಮ್ಚಿ ಜಾಡಿಗಳ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಹೊಗೆ ಬಿಡುತ್ತಿದ್ದರು.

ದೂರು ಅಲ್ಲೇ ಬಿಟ್ಟು ಅಜ್ಜಿ ಮನೆಗೆ ಓಡಿದರು. ನಾನು ಏದುಸಿರು ಬಿಡುತ್ತ ಹಿಂದೆಯೇ ಹೋದೆ.

"ಏನ್ರೀ ಇದು? ನಾಚಿಕೆ ಆಗಲ್ವಾ?"

"ನಿಂಗೆ ಹೇಗೆ ಗೊತ್ತಾಯ್ತೇ?"

"ಊರಿಗೆಲ್ಲ ಕಾಣ್ತಿದೆ! ನಿಮ್ಮನ್ನ ನೋಡೋಕೇ ಅಂತ ಅಷ್ಟು ದೊಡ್ಡ ಗಾಜು ಹಾಕಿದಾರೆ!"

ಅಂದಿನಿಂದ ಅಜ್ಜಿ ಮಧ್ಯಾಹ್ನವೆಲ್ಲ ಆ ಕಿಟಕಿಯ ಬಳಿ ಕೂತಿರುತ್ತಾರೆ. ತಾತ ಈಗ ಎಲ್ಲಿ ಸೇದುತ್ತಾರೆಂದು ನಾನಂತೂ ಬಾಯಿ ಬಿಡುವುದಿಲ್ಲ.