ಅರೆಮದ್ದು ತುಂಬಿದ ಮಾವನವರು

ಕಾವ್ಯ, ಮನು, ನಿಮ್ಮ ಮುತ್ತಾತನಿಗೆ, ಅಂದರೆ ನನ್ನ ಮಾವನವರಿಗೆ, ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು. “ಅಬ್ಬರಿಸಕ್ಕೆ ಬಂದೂಕ ಐತಲ್ಲ, ನಾನ್ಯಾಕೆ?” ಎನ್ನುತ್ತಿದ್ದರು. ಬೆಳೆ ಕಾಯಲು ಲೈಸೆನ್ಸ್ ಪಡೆದ ಹಳೇ ಬಂದೂಕು ಅದು. ಪ್ರತಿ ಸಲವೂ ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ಗಿಡಿದು ತುಂಬಬೇಕು. ದೊಡ್ಡೇರಿಯ ನಮ್ಮ ಕಡಲೆಕಾಯಿ ಹೊಲಕ್ಕೆ ಹಂದಿ ಇಳಿದರೆ ಅವರು ಗುಂಡಿಲ್ಲದೆ ಬರೀ ಸದ್ದು ಮಾಡಿ ಓಡಿಸುತ್ತಿದ್ದರು.

ಅವರ ಕಣ್ಣು ಮಂಜಾದಾಗ ಬಂದೂಕು ಇನ್ನು ಯಾರ ಕೈಗೆ ಎಂಬ ಮಾತು ಬಂತು. ನಮ್ಮ ಯಜಮಾನರು ಶಿರಾದ ಮಂಡಿಯಲ್ಲಿ ದುಡಿಯುತ್ತಿದ್ದರು, ಮನೆಗೆ ಬರುತ್ತಿದ್ದದ್ದು ಭಾನುವಾರ ಮಾತ್ರ. ಉಳಿದವಳು ಕಾಲೇಜಿಗೆ ಹೋಗುತ್ತಿದ್ದ ನಿಮ್ಮಮ್ಮ ರತ್ನ. ಯಜಮಾನರು ಪೂರಾ ಮದ್ದು ತುಂಬಿ ಅವಳಿಗೆ ಕೊಟ್ಟರು. ಬಂದೂಕು ಒದ್ದ ರಭಸಕ್ಕೆ ಹಿಂದಕ್ಕೆ ಬಿದ್ದಳು. ಹೆಗಲು ನೀಲಿಗಟ್ಟಿತು. ಆಮೇಲೆ ಬಂದೂಕು ಒರಗಿಸಿದ ಗೋಡೆಯ ಹತ್ತಿರಕ್ಕೂ ಅವಳು ಸುಳಿಯಲಿಲ್ಲ.

ಮಾವನವರು ಮದ್ದು ಅಳೆಯುತ್ತಿದ್ದದ್ದು ಟಗರಿನ ಕೊಂಬಿನ ಬಟ್ಟಲಿನಲ್ಲಿ. ಅವಳಿಗೆಂದು ಮರಿಟಗರಿನ ಕೊಂಬಿನಲ್ಲಿ ಅರ್ಧ ಮದ್ದು ಹಿಡಿಯುವ ಪುಟ್ಟದೊಂದು ಅಳತೆ ಕೊರೆದರು.

“ಇದೇನಪ್ಪ, ದೀಪಾವಳಿ ಪಟಾಕಿನಾ?” ಎಂದು ಯಜಮಾನರು ನಕ್ಕರು.

“ಪಟಾಕಿನೇ ಕಣ್ಲಾ. ಮೊದ್ಲು ಮಗು ನಗ್ಲಿ.”

ಅರೆಮದ್ದಿಗೆ ಬಂದೂಕು ಮುದುಕನಂತೆ ಕೆಮ್ಮಿತು. ಕಣ್ಣು ಮುಚ್ಚಿಕೊಂಡೇ ಹೊಡೆದ ರತ್ನ ನಿಜಕ್ಕೂ ನಕ್ಕಳು. ಬರಬರುತ್ತ ಕಣ್ಣು ತೆರೆದು ಹೊಡೆದಳು.

“ಅವ್ಳಿಗೆ ಹೇಳ್ದೇನೆ ಪೂರಾ ತುಂಬ್ಬುಡಪ್ಪ, ಗೊತ್ತೇ ಆಗಲ್ಲ” ಎಂದರು ಯಜಮಾನರು.

ಮಾವನವರ ದನಿ ಪಿಸುಮಾತಿಗೆ ಇಳಿಯಿತು. “ಹೆಗ್ಲಿಗೆ ಗೊತ್ತಾಯ್ತದೆ ಕಣ್ಲಾ. ಒಂದ್ಸಲ ಸುಳ್ಳೇಳಿದ್ರೆ ಬಂದೂಕನ್ನೂ ನಂಬಲ್ಲ, ನನ್ನೂ ನಂಬಲ್ಲ.”

ನಾನು ಅವರೆದುರು ಬಾಯಿ ತೆರೆದವಳಲ್ಲ. ಅವತ್ತು ಮಾತ್ರ ಬಾಗಿಲ ಮರೆಯಿಂದಲೇ, “ಮಾವ ಅನ್ನೋದೇ ಸರಿ” ಎಂದುಬಿಟ್ಟೆ.

ಕಾಯಿ ಬಲಿತ ಹೊತ್ತಿಗೆ ಮಾವನವರು ಜ್ವರದಿಂದ ಮಲಗಿದ್ದರು. ಒಂದು ಸಂಜೆ ಹಂದಿಗಳು ಗುಡ್ಡ ಇಳಿದವು. ರತ್ನ ಬಂದೂಕು ತಂದು ಮಂಚದ ಪಕ್ಕ ನಿಂತಳು.

“ತಾತ, ಪೂರಾ ತುಂಬು. ಅರೆಮದ್ದಿನ ಸದ್ದು ಅಲ್ಲಿಗಂಟ ಕೇಳಲ್ಲ.”

“ಒದೀತದೆ ಕಣವ್ವ.”

“ಗೊತ್ತು.”

“ಹಂಗಾರೆ ನೀನೇ ತುಂಬ್ಕೊ, ನಾನ್ ಇದೀನಿ.”

ಅವರು ಹೇಳಿದಂತೆ ತುಂಬಿಕೊಂಡು ಹೊಲದ ಕಡೆ ಹೋದಳು. ಗುಡ್ಡವೇ ಸೀಳಿದಂತೆ ಸದ್ದಾಯಿತು. ಹಂದಿಗಳು ಓಡಿದವು. ಮಾವನವರು ದಿಂಬಿನಿಂದ ತಲೆಯೆತ್ತಿ, ಬಾಗಿಲಲ್ಲಿ ನಿಂತು ಹೊಲದ ಕಡೆ ನೋಡುತ್ತಿದ್ದ ನನ್ನನ್ನು ಕೇಳಿದರು:

“ಬಿದ್ಳಾ?”

“ಇಲ್ಲ ಮಾವ. ನಿಂತವ್ಳೆ.”

ತಲೆ ದಿಂಬಿಗಿಟ್ಟರು. ಕಿತ್ತ ಕಾಯಿ ಕಣದಲ್ಲಿ ಒಣಗುವ ಮೊದಲೇ ಅವರು ಹೋದರು.

ನಿಮ್ಮಮ್ಮ ಇದನ್ನೆಲ್ಲ ಹೇಳಿಕೊಳ್ಳುವವಳಲ್ಲ. ನಾನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ.