ಹಡಗಲಿಗೆ ಒಣಬಟ್ಟೆಯಲ್ಲಿ ಮುಟ್ಟಬೇಕಿತ್ತು

ಕೂಡ್ಲಿಗಿಯಿಂದ ನಾವು ಹೊರಟಾಗ ಬೆಳಗಿನ ಏಳು ಗಂಟೆ. ಏಪ್ರಿಲ್ ತಿಂಗಳು, ಏಳಕ್ಕೇ ಬಿಸಿಲು ಅಂಗಳಕ್ಕೆ ಇಳಿದಿತ್ತು. ಕಾರಿನಲ್ಲಿ ನಾನು, ಹಿಂದಿನ ಸೀಟಿನಲ್ಲಿ ಮಗಳು ವಿಶಾಲ, ಅವಳ ಕಾಲ ಬಳಿ ಒಂದು ಕೊಡ ನೀರು, ನಾಲ್ಕು ಟವೆಲ್ಲು. ವಿಶಾಲಳಿಗೆ ಹುಟ್ಟಿದಾಗಿನಿಂದ ಬೆವರು ಬರುವುದಿಲ್ಲ. ಅರ್ಧ ಗಂಟೆ ಸೆಕೆಯಲ್ಲಿ ಕೂತರೆ ಸಾಕು, ಮೈ ಕಾದು ಜ್ವರ ಏರಿ ಮಾತು ತೊದಲುತ್ತದೆ. ಇಪ್ಪತ್ಮೂರು ಬೇಸಿಗೆಗಳನ್ನು ಅವಳು ನಡುಮನೆಯ ಒದ್ದೆ ನೆಲದ ಮೇಲೆ ಕಳೆದಿದ್ದಳು. ಕಂಪ್ಯೂಟರ್ ಡಿಪ್ಲೊಮಾ ಓದಿದ್ದೂ ಅಲ್ಲೇ ಕೂತು.

ಹಡಗಲಿಯ ಒಂದು ಖಾಸಗಿ ಶಾಲೆಗೆ ಕಂಪ್ಯೂಟರ್ ಟೀಚರ್ ಬೇಕಾಗಿತ್ತು. ಯಂತ್ರಗಳು ಕೆಡಬಾರದೆಂದು ಆ ಕೋಣೆಗೆ ಎಸಿ ಹಾಕಿಸಿದ್ದರು, ಪಕ್ಕದಲ್ಲೇ ಉಳಿಯಲು ರೂಮು. ನಮ್ಮ ಕಡೆಯ ಐದೂ ತಾಲ್ಲೂಕಿನಲ್ಲಿ ಇವಳು ಮಾಡಬಹುದಾದ ಕೆಲಸ ಅದೊಂದೇ. ಸಂದರ್ಶನ ಹನ್ನೊಂದಕ್ಕೆ. ದಾರಿಯ ಸೆಕೆ ತಡೆಯಲೆಂದೇ ನಾನು ಹಳೆಯದೊಂದು ದೊಡ್ಡ ಕಾರು ತಂದಿದ್ದೆ. ಎಷ್ಟು ತಂಪು ಬೇಕೆಂದು ಒತ್ತಿದರೆ ಸಾಕು, ಉಳಿದದ್ದನ್ನು ಅದರ ಎಸಿಯೇ ನೋಡಿಕೊಳ್ಳುತ್ತಿತ್ತು.

"ಅಪ್ಪ, ನನ್ನ ಮೈ ಸುದ್ದಿ ಅಲ್ಲಿ ತೆಗಿಬ್ಯಾಡ," ಎಂದಳು ವಿಶಾಲ. "ಮೊದ್ಲು ಪಾಠ ಮಾಡೋದು ನೋಡ್ಲಿ. ಆಮ್ಯಾಲೆ ನಾನ ಹೇಳ್ತೀನಿ."

ಕೊಟ್ಟೂರಿನವರೆಗೆ ಕಾರಿನೊಳಗೆ ಹಿತವಾದ ತಂಪಿತ್ತು. ಗುಡಿಗೆ ಹೋಗಿ ಕೈಮುಗಿದೆವು. ಹೊರಗಿನ ಅಂಗಡಿಯಲ್ಲಿ ಕೆಂಪು ಬಲ್ಬಿನ ಪುಟ್ಟ ಲಿಂಗವೊಂದು ಕಣ್ಣಿಗೆ ಬಿತ್ತು. ಮಗಳು ಮೊದಲ ಸಲ ಕೆಲಸಕ್ಕೆಂದು ಹೊರಟಿದ್ದಾಳೆ, ಕಾರಿನಲ್ಲಿ ದೇವರಿರಲಿ ಎನ್ನಿಸಿತು. ಎದುರಿನ ಎಲೆಕ್ಟ್ರಿಷಿಯನ್ ಸ್ಟೀರಿಂಗಿನ ಪಕ್ಕದ ಮುಚ್ಚಳ ಬಿಚ್ಚಿ, ಕೈಗೆ ಸಿಕ್ಕ ತಂತಿಗೆ ದೀಪದ ತಂತಿ ಸೇರಿಸಿ, ಒಂದು ಸ್ವಿಚ್ಚು ಕೂರಿಸಿದ. ದೀಪ ಮಂಕಾಗಿ ಹತ್ತಿತು.

"ಬೆಳಕು ಕಡಿಮಿ ಆತಲ್ಲೋ?" ಎಂದೆ.

"ದೇವರ ದೀಪ ಹಿಂಗ ಇರ್ಬೇಕ್ರಿ," ಎಂದ.

ನನಗೆ ಮೂವತ್ತು ವರ್ಷದಿಂದ ಒಂದು ರೂಢಿ. ನನ್ನ ಹಿಟ್ಟಿನ ಗಿರಣಿಯನ್ನು ಚಾಲೂ ಮಾಡುವ ಮುಂಚೆ ದೇವರ ದೀಪ ಹಚ್ಚಿ ಕೈಮುಗಿಯುತ್ತೇನೆ, ನಿಲ್ಲಿಸಿದಾಗ ಆರಿಸುತ್ತೇನೆ. ಕಾರಿನಲ್ಲೂ ಹಾಗೆಯೇ ಮಾಡಿದೆ.

ಹಗರಿಬೊಮ್ಮನಹಳ್ಳಿಯ ರಸ್ತೆಯಲ್ಲಿ ಏಳೆಂಟು ಕಿಲೋಮೀಟರು ಹೋಗಿರಬಹುದು, ಗಾಳಿ ಬೆಚ್ಚಗಾಯಿತು. ಗುಂಡಿ ಒತ್ತಿದೆ, ಒತ್ತಿದೆ, ಏನೂ ಆಗಲಿಲ್ಲ. ವಿಶಾಲ ಮೊದಲ ಟವೆಲ್ಲು ಅದ್ದಿ ತಲೆಗೆ ಸುತ್ತಿಕೊಂಡಳು. ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ, "ಎಸಿ ಗ್ಯಾಸ್ ಖಾಲಿ ಆಗೈತ್ರಿ," ಎಂದು ಹೇಳಿಬಿಟ್ಟ. ನಾನು ದೀಪ ಆರಿಸಿ ಇಳಿದೆ. ಗ್ಯಾಸು ತುಂಬುವುದರೊಳಗೆ ಒಂದು ತಾಸು ಹೋಯಿತು. ಆದರೆ ತಂಪು ಬಂತು! "ನೋಡ್ರಿ, ಐಸ್ ಆಗೈತಿ," ಎಂದು ಮೆಕ್ಯಾನಿಕ್ ನಕ್ಕ. ನಾನು ದೀಪ ಹಚ್ಚಿ, ಕೈಮುಗಿದು, ಕಾರು ಬಿಟ್ಟೆ.

ಊರು ದಾಟಿದ ಮೇಲೆ ಮತ್ತೆ ಬಿಸಿಗಾಳಿ. ಹತ್ತು ದಾಟಿತ್ತು, ಹಿಂದಿರುಗಲು ಹೊತ್ತಿರಲಿಲ್ಲ. ಕಿಟಕಿ ತೆರೆದರೆ ಒಲೆಯ ಬಾಯಿ ತೆರೆದಂತಾಗುತ್ತಿತ್ತು. ಮೂವತ್ತೈದು ಕಿಲೋಮೀಟರಿನ ಕೆಟ್ಟ ರಸ್ತೆಯಲ್ಲಿ ವಿಶಾಲ ಇಡೀ ಕೊಡವನ್ನು ಮೈಮೇಲೆ ಸುರಿದುಕೊಂಡಳು. ಇಸ್ತ್ರಿ ಮಾಡಿಸಿದ ಹೊಸ ಚೂಡಿದಾರ ಮೈಗೆ ಅಂಟಿಕೊಂಡಿತ್ತು. ನನಗೆ ಅಳು ಬರುತ್ತಿತ್ತು. ಅವಳು ಮಾತ್ರ ಫೈಲು ನೆನೆಯದಂತೆ ಸೀಟಿನ ಆ ತುದಿಗೆ ಸರಿಸಿ ಇಟ್ಟಿದ್ದಳು.

ಹಡಗಲಿಯ ಶಾಲೆಗೆ ಹತ್ತು ನಿಮಿಷ ತಡವಾಗಿ ಮುಟ್ಟಿದೆವು. ಕೆಂಪೇರಿದ ಮುಖ, ನೀರು ತೊಟ್ಟಿಕ್ಕುವ ಜಡೆ ನೋಡಿ ಹೆಡ್ಮಾಸ್ತರು ಎದ್ದುನಿಂತರು. ವಿಷಯ ಮುಚ್ಚಿಡುವಂತಿರಲಿಲ್ಲ, ಹೇಳಿದೆ. ಎಸಿ ಕೋಣೆಯಲ್ಲಿ ಕಾಲು ಗಂಟೆ ಕೂತು ಸುಧಾರಿಸಿಕೊಂಡ ವಿಶಾಲ ಚೆನ್ನಾಗಿಯೇ ಪಾಠ ಮಾಡಿದಳು. ಆಮೇಲೆ ಹೆಡ್ಮಾಸ್ತರು ನನ್ನನ್ನು ಜಗಲಿಗೆ ಕರೆದರು.

"ಹುಡುಗಿ ಶಾಣ್ಯಾಕಿ ಅದಾಳ್ರಿ. ಆದ್ರ ಇಲ್ಲಿ ದಿನಾ ಕರೆಂಟ್ ಹೊಕ್ಕೈತಿ."

"ಜನರೇಟರ್ ಐತಿ ಅಂದಿದ್ರಲ್ರಿ."

"ಐತ್ರಿ. ಒಣಬಟ್ಟಿಯಾಗ ಬಂದು, ಸಾವಕಾಶ ಹೇಳಿದ್ರ ನಾನೂ ಹೂಂ ಅಂತಿದ್ದೆ. ಆ ಮುಖ ಕಣ್ಣಾರೆ ನೋಡಿದ ಮ್ಯಾಲೆ ಧೈರ್ಯ ಬರವಲ್ದ್ರಿ."

ಒಳಗೆ ಹೋದಾಗ ವಿಶಾಲ ಕಂಪ್ಯೂಟರಿಗೆ ಹೊದಿಕೆ ಹೊದಿಸುತ್ತಿದ್ದಳು. "ಹೋಗೂಣೇನಪ್ಪ?" ಎಂದಳು, ಅಷ್ಟೇ.

ಬಿಸಿಲು ಇಳಿಯುವವರೆಗೆ ಆ ಕೋಣೆಯಲ್ಲೇ ಇರಲು ಬಿಟ್ಟರು. ಹರಪನಹಳ್ಳಿಯಲ್ಲಿ ಖಾದರ್ ಸಾಬರೆಂಬ ವಾಹನದ ವೈರಿಂಗ್ ಬಲ್ಲವರಿದ್ದಾರೆಂದು ಹೇಳಿದವರೂ ಆ ಹೆಡ್ಮಾಸ್ತರೇ. ನಾಲ್ಕಕ್ಕೆ ಕಾರು ಚಾಲೂ ಮಾಡಿ ನೋಡಿದರೆ ತಂಪು ಬಂತು. ಶಾಲೆಯ ಗೇಟಿನಲ್ಲಿ ದೀಪ ಹಚ್ಚಿದೆ, ಹೊರಟೆವು. ಗೇಟಿನ ಬಳಿ ಒಬ್ಬಾಕೆ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಕೊಂಡು ಕೂತಿದ್ದಳು. ಸ್ವಲ್ಪ ದೂರದಲ್ಲೇ ನನ್ನ ಮಗಳಿಗೂ ಒದ್ದೆ ಬಟ್ಟೆ ಹೊದಿಸಬೇಕಾಯಿತು.

ಹರಪನಹಳ್ಳಿಯಲ್ಲಿ ವಿಶಾಲಳನ್ನು ಎದುರಿನ ಹೋಟೆಲಿನ ಫ್ಯಾನಿನ ಕೆಳಗೆ ಕೂರಿಸಿ, ಒಗ್ಗರಣೆ ಮಂಡಕ್ಕಿ ಹೇಳಿ ಬಂದೆ. ಅವಳು ಅದನ್ನು ಮುಟ್ಟಲಿಲ್ಲ. ಖಾದರ್ ಸಾಬರು ಬಾನೆಟ್ ಎತ್ತಲಿಲ್ಲ.

"ತಂಪು ಯಾವಾಗ ಬರ್ತತಿ, ಯಾವಾಗ ಹೋಗ್ತತಿ?" ಎಂದು ಕೇಳಿದರು.

"ನಿಂತಾಗ ಬರ್ತೈತ್ರಿ. ಹೊಂಟ್ರ ಹೊಕ್ಕೈತಿ."

"ಹಂಗಾರೆ ದಿನಾ ಹೆಂಗ್ ಹೊರಡ್ತೀರೋ ಹಂಗೇ ಹೊರಡ್ರಿ, ನೋಡಾನ."

ನಾನು ದೀಪ ಹಚ್ಚಿ ಕೈಮುಗಿದೆ. ಅವರು ನನ್ನ ಮುಂಗೈ ಹಿಡಿದುಕೊಂಡರು. "ಇದನ್ನ ಯಾವಾಗ ಹಾಕ್ಸಿದ್ರಿ?"

"ಇವತ್ತು ಮುಂಜಾನಿ."

ಮುಚ್ಚಳ ಬಿಚ್ಚಿ, ಮೀಟರು ಹಿಡಿದು ತೋರಿಸಿದರು. ಒಳಗೆ ಎಷ್ಟು ಸೆಕೆಯಿದೆ ಎಂದು ಸೆನ್ಸರಿನಿಂದ ಎಸಿಯ ಕಂಪ್ಯೂಟರಿಗೆ ಸುದ್ದಿ ಒಯ್ಯುವ ಸಣ್ಣ ತಂತಿ ಅದು. ಕೊಟ್ಟೂರಿನವನು ದೀಪವನ್ನು ಅದಕ್ಕೇ ಕಟ್ಟಿದ್ದ. ದೀಪ ಹತ್ತಿದೊಡನೆ ಸುದ್ದಿ ಕೆಡುತ್ತಿತ್ತು. ಒಳಗೆ ಆಗಲೇ ಮಂಜಿನಷ್ಟು ತಣ್ಣಗಿದೆಯೆಂದು ತಿಳಿದು ಕಂಪ್ಯೂಟರು ತಂಪು ನಿಲ್ಲಿಸುತ್ತಿತ್ತು. ಸಾಬರು ದೀಪದ ತಂತಿ ಕತ್ತರಿಸಿ ಟೇಪು ಸುತ್ತಿದರು. ಹತ್ತು ನಿಮಿಷದ ಕೆಲಸ. ತಂಪು ಬಂತು, ಉಳಿಯಿತು.

ನಾನು ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಮೂರು ಊರಿನಲ್ಲಿ ಮೂರು ಸಲ ನನ್ನ ಕೈಯಿಂದಲೇ, ಅದೂ ಭಕ್ತಿಯಿಂದ, ಮಗಳ ಉಸಿರು ಕಟ್ಟಿಸಿದ್ದೆ. ಅವಳ ಕೆಲಸ ಹೋದದ್ದು ನನ್ನಿಂದ.

ಕೊಟ್ಟೂರಿನ ದಾರಿ ಹಿಡಿದಾಗ ಹೊತ್ತು ಮುಳುಗುತ್ತಿತ್ತು. ವಿಶಾಲ ಮುಂದಿನ ಸೀಟಿಗೆ ಬಂದಿದ್ದಳು. "ಏನಾಗಿತ್ತಂತಪ್ಪ?" ಎಂದಳು.

"ಯಾವುದೋ ವೈರ್ ಅಂತವ್ವ," ಎಂದೆ.

"ಎಸಿ ಬಂದ್ ಮಾಡು. ಬಟ್ಟಿ ಹಸಿ ಐತಿ, ಚಳಿ ಆಗಾಕತ್ತೈತಿ."

ಬಂದ್ ಮಾಡಿದೆ. ದೂರದಲ್ಲಿ ಕೊಟ್ಟೂರಿನ ದೀಪಗಳು ಕಾಣಿಸಿದಾಗ ಅವಳು ಕೈ ಚಾಚಿ ಲಿಂಗದ ಸ್ವಿಚ್ಚು ಒತ್ತಿದಳು. ಹತ್ತಲಿಲ್ಲ. ಮತ್ತೊಮ್ಮೆ ಒತ್ತಿದಳು.

"ಇದೂ ಕೆಟ್ಟೈತೇನಪ್ಪ?"

"ಹೂನವ್ವ, ಕೆಟ್ಟೈತಿ."

ಹತ್ತದ ಆ ದೀಪಕ್ಕೇ ಅವಳು ಕೈಮುಗಿದಳು.