ನಡುಗೋಡೆಯ ಮೀನಿನ ತೊಟ್ಟಿ

ಗೋಕಾಕದಲ್ಲಿ ನಮಗೂ ಪಕ್ಕದ ಮನೆಯ ಕಾಕಾಗೂ ನಡುವೆ ಒಂದೇ ಗೋಡೆ. ಅದನ್ನು ಕೊರೆದು ಪ್ಲೈವುಡ್ಡಿನ ದೊಡ್ಡ ಮೀನಿನ ತೊಟ್ಟಿ ಕೂರಿಸುವ ಹುಚ್ಚು ನನಗೆ ಹತ್ತಿದಾಗ ಅವರು ಬೇಡ ಅನ್ನಲಿಲ್ಲ. ಹೆಗಲ ಟವೆಲ್ಲು ಕೊಡವಿ, "ಆಗತೈತಿ ಬಿಡಪಾ. ಎರಡೂ ಕಡಿ ಗಾಜ ಹಾಕು, ಮೀನ ನಾವೂ ನೋಡತೇವಿ" ಅಂದರು. ಯಾರು ಏನು ಕೇಳಿದರೂ ಅವರು ಹೇಳುತ್ತಿದ್ದದ್ದು ಆಗತೈತಿ ಬಿಡಪಾ. ನಾನು ಮಾತ್ರ ಅದನ್ನು ನನ್ನ ಕೈಚಳಕಕ್ಕೆ ಸಿಕ್ಕ ಮೆಚ್ಚುಗೆ ಅಂದುಕೊಂಡೆ.

ವಿಡಿಯೋ ನೋಡಿ ಹಲಗೆ ಕೊಯ್ದೆ, ಸಂದಿಗೆಲ್ಲ ಅಂಟು ಮೆತ್ತಿದೆ, ನೀರು ತುಂಬಿದೆ. ಒಂದು ಹನಿಯೂ ಸೋರಲಿಲ್ಲ. ಆ ಸೊಕ್ಕಿನಲ್ಲಿ, ಮೀನು ಬಿಡುವ ಮೊದಲು ಪೂಜೆಗೆ ಇಳಿದೆ. ಕುಂಕುಮ ಹಚ್ಚಿ, ತೆಂಗಿನಕಾಯಿಯನ್ನು ತೊಟ್ಟಿಯ ಅಂಚಿಗೇ ಕುಕ್ಕಿದೆ. ಕಾಯಿ ಒಡೆಯಲಿಲ್ಲ. ಆ ಕಡೆಯ ಗಾಜು ಕಳಚಿಬಿದ್ದು, ನೀರೆಲ್ಲ ಕಾಕಾನ ಅಡುಗೆಮನೆಗೆ ನುಗ್ಗಿತು.

ಖಾಲಿ ತೊಟ್ಟಿಯ ಆಚೆ ಅವರ ಮುಖ ಕಾಣಿಸಿತು. ಕೈಯಲ್ಲಿದ್ದ ಪರಾತದಲ್ಲಿ ರೊಟ್ಟಿಯ ಹಿಟ್ಟು ತೇಲುತ್ತಿತ್ತು.

"ಕಾಯಿ ಇತ್ತ ಕೊಡು" ಅಂದರು. ತಮ್ಮ ಹೊಸ್ತಿಲಿಗೆ ಒಡೆದು, ಒಂದು ಹೋಳು ನನಗೇ ಕೊಟ್ಟರು. "ಆಗತೈತಿ ಬಿಡಪಾ."

ಆಮೇಲೆ ಅವರು ಮನೆ ಬಿಟ್ಟು ಮೂಡಲಗಿಗೆ ಹೋದರು. ಹೊಸಬರು ಆ ಕಡೆಯಿಂದ ತೊಟ್ಟಿಗೆ ಅಡ್ಡವಾಗಿ ಕ್ಯಾಲೆಂಡರ್ ತೂಗುಹಾಕಿದ್ದಾರೆ. ಈ ಕಡೆಯ ಗಾಜು ಒರೆಸುವಾಗ ಈಗ ಕಾಣುವುದು ನನ್ನ ಮುಖವೇ. ಆ ಮುಖಕ್ಕೆ ನನ್ನ ಮೇಲೆ ಕಾಕಾಗಿದ್ದಷ್ಟು ನಂಬಿಕೆಯಿಲ್ಲ.